ತಿಳಿದದ್ದು ಮತ್ತು ತಿದ್ದಿಕೊಂಡದ್ದು: ಫ್ಯಾಂಟಸಿ ರೊಮಾನ್ಸ್‌ನಲ್ಲಿ ತಪ್ಪು, ಬದಲಾವಣೆ, ಕ್ಷಮೆ

ಹಲವು ಸಂಪುಟಗಳಿಗೆ ಹಬ್ಬುವ ಫ್ಯಾಂಟಸಿ ರೊಮಾನ್ಸ್ ಸರಣಿಗಳಲ್ಲಿ ಕೆಟ್ಟವನೊಬ್ಬ ಓದುಗರ ಕಣ್ಣಿಗೆ ಒಳ್ಳೆಯವನಾಗಲು ಎರಡು ದಾರಿಗಳಿವೆ. ಅವನು ನಿಜಕ್ಕೂ ತಿದ್ದಿಕೊಳ್ಳಬಹುದು. ಇಲ್ಲವೇ ಅವನು ಇದ್ದ ಹಾಗೆಯೇ ಇದ್ದು, ಅವನ ಬಗ್ಗೆ ಓದುಗರಿಗೆ ಗೊತ್ತಿರುವುದು ಮಾತ್ರ ಹೆಚ್ಚಾಗಬಹುದು. ಎರಡನ್ನೂ ಪಾತ್ರದ ಬೆಳವಣಿಗೆ ಎಂದೇ ಕರೆಯುವುದು ರೂಢಿ. ನೀತಿಯ ದೃಷ್ಟಿಯಿಂದ ನೋಡಿದರೆ ಇವು ಒಂದೇ ಅಲ್ಲ. ಇಂಥ ಸರಣಿಗಳ ಓದುಗರು ವರ್ಷಗಟ್ಟಲೆ ನಡೆಸುವ ವಾದಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಎರಡನ್ನು ಕಲಸಿಬಿಡುವುದರಿಂದ.

ಅಮೆರಿಕದ ಲೇಖಕಿ ಸಾರಾ ಜೆ. ಮಾಸ್ ಅವರ ‘ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್’ ಸರಣಿಯಲ್ಲಿ ಎರಡೂ ದಾರಿಗಳು ಕಾಣಸಿಗುತ್ತವೆ. ಮೊದಲ ಪುಸ್ತಕ 2015ರಲ್ಲಿ ಬಂತು, ಐದನೆಯದಾದ ‘ಎ ಕೋರ್ಟ್ ಆಫ್ ಸಿಲ್ವರ್ ಫ್ಲೇಮ್ಸ್’ 2021ರಲ್ಲಿ. ಬಡತನಕ್ಕೆ ಬಿದ್ದ ಮನೆಯನ್ನು ಬೇಟೆಯಾಡಿ ಸಾಕುತ್ತಿರುವ ಹತ್ತೊಂಬತ್ತರ ಫೇರಾ ಕಾಡಿನಲ್ಲಿ ಒಂದು ತೋಳವನ್ನು ಕೊಲ್ಲುತ್ತಾಳೆ. ಅದು ತೋಳವಲ್ಲ, ಫೇ ಎಂಬ ಅಮಾನುಷ ಕುಲದವನು. ಆ ತಪ್ಪಿಗೆ ವಸಂತದ ನಾಡಿನ ಒಡೆಯ ಟ್ಯಾಮ್ಲಿನ್ ಅವಳನ್ನು ಕರೆದೊಯ್ಯುತ್ತಾನೆ. ಅವರಿಬ್ಬರಲ್ಲಿ ಪ್ರೀತಿ ಹುಟ್ಟುತ್ತದೆ. ಅಮರಾಂಥಾ ಎಂಬ ಕ್ರೂರಿಯ ಹಿಡಿತದಿಂದ ಅವನನ್ನು ಬಿಡಿಸಲು ಫೇರಾ ಮೂರು ಪರೀಕ್ಷೆಗಳಿಗೆ ಒಡ್ಡಿಕೊಳ್ಳುತ್ತಾಳೆ, ಸಾಯುತ್ತಾಳೆ, ಫೇ ಆಗಿ ಮತ್ತೆ ಹುಟ್ಟುತ್ತಾಳೆ. ಅಲ್ಲಿಗೆ ಕಥೆ ಮುಗಿದಿದ್ದರೆ ಅದು ಹಳೆಯ ಮಾದರಿಯ ಸುಖಾಂತವಾಗಿರುತ್ತಿತ್ತು.

ಎರಡನೆಯ ಪುಸ್ತಕ ಅದನ್ನು ಬುಡಮೇಲು ಮಾಡುತ್ತದೆ. ರಾತ್ರಿಯ ನಾಡಿನ ಒಡೆಯ ರೀಸ್ಯಾಂಡ್ ಮೊದಲ ಪುಸ್ತಕದಲ್ಲಿ ಫೇರಾಳ ಗಾಯಗೊಂಡ ಕೈಯನ್ನು ತಿರುಚಿ ಅವಳಿಂದ ಒಪ್ಪಂದ ಪಡೆದವನು. ರಾತ್ರಿರಾತ್ರಿ ಅವಳಿಗೆ ಮತ್ತೇರುವ ಮದ್ಯ ಕುಡಿಸಿ, ಮೈ ಕಾಣುವ ಬಟ್ಟೆಯಲ್ಲಿ ತುಂಬಿದ ಸಭೆಯಲ್ಲಿ ಕುಣಿಸಿದವನು. ಇವೆಲ್ಲ ಅಮರಾಂಥಾಳ ಕಣ್ಣು ತಪ್ಪಿಸಿ ಅವಳನ್ನು ಉಳಿಸಲು ಆಡಿದ ಆಟ ಎಂದು ಮುಂದೆ ತಿಳಿಯುತ್ತದೆ. ಅವನೇ ನಾಯಕನಾಗುತ್ತಾನೆ. ಇತ್ತ ಟ್ಯಾಮ್ಲಿನ್, ಮತ್ತೆ ಅವಳನ್ನು ಕಳೆದುಕೊಳ್ಳುವ ಭಯದಲ್ಲಿ, ಅವಳನ್ನು ಮನೆಯೊಳಗೇ ಕೂಡಿಹಾಕುತ್ತಾನೆ.

ಬ್ರಿಟಿಷ್ ತತ್ವಜ್ಞಾನಿ ಪಿ.ಎಫ್. ಸ್ಟ್ರಾಸನ್ 1962ರ ‘ಫ್ರೀಡಂ ಅಂಡ್ ರಿಸೆಂಟ್‌ಮೆಂಟ್’ ಪ್ರಬಂಧದಲ್ಲಿ, ನೊಂದವರ ಸಿಟ್ಟು ತಣಿಯುವ ಸಂದರ್ಭಗಳನ್ನು ಎರಡು ಗುಂಪು ಮಾಡಿದ್ದಾರೆ. ಮೊದಲ ಗುಂಪಿನಲ್ಲಿ ಬರುವವು ‘ಅವನಿಗೆ ಬೇರೆ ದಾರಿಯಿರಲಿಲ್ಲ’, ‘ಗೊತ್ತಿಲ್ಲದೆ ಮಾಡಿದ’ ಎನ್ನುವಂಥವು. ಆಗ ಕೃತ್ಯದ ಅರ್ಥವೇ ಬದಲಾಗುತ್ತದೆ, ಮನುಷ್ಯನ ಮೇಲಿನ ಗೌರವ ಹಾಗೇ ಉಳಿಯುತ್ತದೆ. ಎರಡನೆಯ ಗುಂಪು ‘ಅವನು ಅವನಾಗಿರಲಿಲ್ಲ’, ‘ಮನಸ್ಸು ಜರ್ಜರಿತವಾಗಿತ್ತು’ ಎನ್ನುವಂಥದ್ದು. ಆಗ ಸಿಟ್ಟು ಇಳಿಯುತ್ತದೆ ನಿಜ, ಆದರೆ ಆ ಮನುಷ್ಯನನ್ನು ಸಮಾನನಂತೆ ನೋಡುವುದನ್ನು ಬಿಟ್ಟು ರೋಗಿಯಂತೆ ನೋಡತೊಡಗುತ್ತೇವೆ. ಮಾಸ್ ಅವರು ರೀಸ್ಯಾಂಡ್‌ನಿಗೆ ಮೊದಲ ಗುಂಪಿನ ಕಾರಣ ಕೊಟ್ಟಿದ್ದಾರೆ. ಟ್ಯಾಮ್ಲಿನ್‌ನಿಗೆ ಎರಡನೆಯ ಗುಂಪಿನದು ಸಲ್ಲುತ್ತಿತ್ತು. ಅವನೂ ಅಮರಾಂಥಾಳ ಅದೇ ಸೆರೆಯಲ್ಲಿ ಬೆಂದು ಬಂದವನು. ಆದರೆ ಕಥೆ ಅದನ್ನು ಹೇಳಿಯೂ ಹೇಳದಂತೆ ಸಾಗುತ್ತದೆ. ಮೊದಲ ಮೂರು ಪುಸ್ತಕಗಳನ್ನು ಬಹುಮಟ್ಟಿಗೆ ಫೇರಾಳೇ ನಿರೂಪಿಸುವುದರಿಂದ, ಅವಳು ಯಾರ ಮನಸ್ಸಿನೊಳಗೆ ಇಣುಕುತ್ತಾಳೋ ಅವರಿಗಷ್ಟೇ ಸಮಜಾಯಿಷಿಯ ಭಾಗ್ಯ. ಟ್ಯಾಮ್ಲಿನ್ ಪರ ವಾದಿಸುವ ಓದುಗರಲ್ಲಿ ಎಲ್ಲರೂ ಅವನನ್ನು ಮೆಚ್ಚಿದವರಲ್ಲ. ಅಳತೆಗೋಲು ಇಬ್ಬರಿಗೂ ಒಂದೇ ಇರಲಿ ಎನ್ನುವುದೇ ಹಲವರ ತಕರಾರು, ಮತ್ತು ಅದು ನ್ಯಾಯವಾದ ತಕರಾರು.

ನಾಯಕನ ತಪ್ಪಿಗೆ ಆಮೇಲೆ ಕಾರಣ ಒದಗಿಸುವುದು ಹೊಸ ಉಪಾಯವೇನಲ್ಲ. ಮಹಾಭಾರತದ ಆದಿಪರ್ವದ ದುಷ್ಯಂತನಿಗೆ ಶಕುಂತಲೆಯ ಗುರುತು ಚೆನ್ನಾಗಿಯೇ ಇದೆ. ಲೋಕಾಪವಾದಕ್ಕೆ ಹೆದರಿ ಅವಳನ್ನು ಸಭೆಯಲ್ಲಿ ಅಲ್ಲಗಳೆಯುತ್ತಾನೆ. ಕಾಳಿದಾಸನು ತನ್ನ ನಾಟಕದಲ್ಲಿ ದುರ್ವಾಸರ ಶಾಪವನ್ನೂ ಕಳೆದುಹೋಗುವ ಉಂಗುರವನ್ನೂ ತಂದು ಅರಸನ ಮೇಲಿನ ಆರೋಪವನ್ನು ಮರೆವಿನ ಮೇಲೆ ಹೊರಿಸಿದ. ಈ ಮಾರ್ಪಾಟನ್ನು ಸಂಸ್ಕೃತ ಕಾವ್ಯಮೀಮಾಂಸಕ ಕುಂತಕ ತನ್ನ ‘ವಕ್ರೋಕ್ತಿಜೀವಿತ’ದಲ್ಲಿ ಪ್ರಕರಣವಕ್ರತೆಯ, ಅಂದರೆ ಕಥೆಯ ಒಂದು ಪ್ರಸಂಗವನ್ನು ಚಮತ್ಕಾರದಿಂದ ಮಾರ್ಪಡಿಸುವ ಕೌಶಲದ, ನಿದರ್ಶನವಾಗಿ ಮೆಚ್ಚಿದ್ದಾನೆ. ಮಾಸ್ ಮಾಡಿದ್ದಕ್ಕೂ ಕಾಳಿದಾಸ ಮಾಡಿದ್ದಕ್ಕೂ ನಡುವೆ ಒಂದು ವ್ಯತ್ಯಾಸವಿದೆ. ಶಾಪದ ನೆಪ ಕೈಯಲ್ಲಿದ್ದರೂ ಕಾಳಿದಾಸ ದುಷ್ಯಂತನನ್ನು ಸುಮ್ಮನೆ ಬಿಡುವುದಿಲ್ಲ. ಉಂಗುರ ಸಿಕ್ಕ ಮೇಲೆ ಆರನೆಯ ಅಂಕವಿಡೀ ಅವನು ಪಶ್ಚಾತ್ತಾಪದಲ್ಲಿ ಬೇಯುತ್ತಾನೆ, ಏಳನೆಯ ಅಂಕದಲ್ಲಿ ಹೆಂಡತಿಯ ಕಾಲಿಗೆ ಬೀಳುತ್ತಾನೆ. ನಿರಪರಾಧಿ ಎಂದು ಸಾಬೀತಾದ ಮೇಲೂ ಅಪರಾಧಿಯಂತೆ ನಡೆದುಕೊಳ್ಳುವುದು ಅವನ ದೊಡ್ಡತನ. ಮಾಸ್ ಅವರ ಕಥೆಯಲ್ಲಿ ವಿವರಣೆಯೇ ಬಹುಮಟ್ಟಿಗೆ ಪ್ರಾಯಶ್ಚಿತ್ತದ ಜಾಗವನ್ನು ಹಿಡಿದುಬಿಡುತ್ತದೆ.

ಲೇಖಕರ ತೀರ್ಪನ್ನು ಓದುಗರು ಒಪ್ಪದಿರುವುದೂ ಹಳೆಯದೇ. ಇಂಗ್ಲಿಷ್ ಕಾದಂಬರಿಕಾರ ಸ್ಯಾಮ್ಯುಯೆಲ್ ರಿಚರ್ಡ್‌ಸನ್‌ರ ‘ಕ್ಲಾರಿಸ್ಸಾ’ 1747–48ರಲ್ಲಿ ಕಂತುಕಂತಾಗಿ ಹೊರಬರುತ್ತಿದ್ದಾಗ, ನಾಯಕಿಯನ್ನು ಸಾಯಿಸಬೇಡಿ, ದುಷ್ಟ ಲವ್‌ಲೇಸ್‌ನನ್ನು ತಿದ್ದಿ ಅವಳಿಗೆ ಮದುವೆ ಮಾಡಿಸಿ ಎಂದು ಓದುಗರು ಪತ್ರ ಬರೆದು ಅಂಗಲಾಚಿದರು. ರಿಚರ್ಡ್‌ಸನ್ ಬಗ್ಗಲಿಲ್ಲ. ಬದಲಿಗೆ ಮುಂದಿನ ಆವೃತ್ತಿಗಳಲ್ಲಿ ಲವ್‌ಲೇಸ್‌ನ ದುಷ್ಟತನ ಇನ್ನಷ್ಟು ಎದ್ದು ಕಾಣುವಂತೆ ಮಾಡಿದರು. ಪೋಲಿ ತಿದ್ದಿಕೊಂಡರೆ ಅವನಷ್ಟು ಒಳ್ಳೆಯ ಗಂಡ ಇನ್ನೊಬ್ಬನಿಲ್ಲ ಎಂಬ ಆ ಕಾಲದ ನಂಬಿಕೆಯನ್ನು ಮುರಿಯುವುದು ಅವರ ಉದ್ದೇಶವಾಗಿತ್ತು. ಇಂದಿನ ರೊಮಾನ್ಸ್ ಉದ್ಯಮ ನಿಂತಿರುವುದು ಬಹಳಷ್ಟು ಅದೇ ನಂಬಿಕೆಯ ಮೇಲೆ.

ನಿಜವಾದ ಬದಲಾವಣೆ ಹೇಗಿರುತ್ತದೆ ಎಂಬುದನ್ನು ಮಾಸ್ ತೋರಿಸಿರುವುದು ಐದನೆಯ ಪುಸ್ತಕದಲ್ಲಿ, ಫೇರಾಳ ಅಕ್ಕ ನೆಸ್ಟಾಳಲ್ಲಿ. ತಂಗಿ ಕಾಡು ಅಲೆದು ತಂದುದನ್ನು ತಿನ್ನುತ್ತ ಅವಳನ್ನೇ ಹಂಗಿಸಿದವಳು ಈಕೆ. ಯುದ್ಧದಲ್ಲಿ ತಂದೆ ಕಣ್ಣೆದುರೇ ಸತ್ತ ಮೇಲೆ ಕುಡಿತಕ್ಕೆ ಬಿದ್ದು, ಹತ್ತಿರ ಬಂದವರನ್ನೆಲ್ಲ ಮಾತಿನಲ್ಲೇ ಇರಿಯುತ್ತಾಳೆ. ಬೆಟ್ಟದ ತುದಿಯ ಮನೆಯಲ್ಲಿ ಅವಳನ್ನು ಇರಿಸಲಾಗುತ್ತದೆ. ಅಲ್ಲಿಂದ ಊರಿಗೆ ಇಳಿಯಬೇಕೆಂದರೆ ರೆಕ್ಕೆ ಇರಬೇಕು, ಇಲ್ಲದಿದ್ದರೆ ಹತ್ತು ಸಾವಿರ ಮೆಟ್ಟಿಲು. ಮೊದಲ ಸಲ ಇಳಿಯಹೊರಟವಳಿಗೆ ತಲೆ ಸುತ್ತುತ್ತದೆ, ಕಾಲು ನಡುಗುತ್ತದೆ, ಅರ್ಧಕ್ಕೂ ಮುಟ್ಟದೆ ಗೋಡೆ ಹಿಡಿದು ಹತ್ತುತ್ತಾಳೆ. ಸಿಟ್ಟು ಬಂದಾಗಲೆಲ್ಲ ಮತ್ತೆ ಇಳಿಯುತ್ತಾಳೆ, ಪ್ರತಿ ಸಲವೂ ಇನ್ನಷ್ಟು ಮೆಟ್ಟಿಲು. ಜೊತೆಗೆ ಗ್ರಂಥಾಲಯದ ಕೆಲಸ, ಕ್ಯಾಸಿಯನ್ ಎಂಬ ಯೋಧ ಕೊಡುವ ಯುದ್ಧಾಭ್ಯಾಸ, ಗ್ವಿನ್ ಮತ್ತು ಎಮೆರಿ ಎಂಬಿಬ್ಬರ ಗೆಳೆತನ. ಗುಣವೆಂಬುದು ಉಪದೇಶದಿಂದ ಬರುವುದಲ್ಲ, ನ್ಯಾಯವಾದ ಕೆಲಸ ಮಾಡಿ ಮಾಡಿಯೇ ಮನುಷ್ಯ ನ್ಯಾಯವಂತನಾಗುತ್ತಾನೆ ಎಂಬ ಅರಿಸ್ಟಾಟಲನ ‘ನಿಕೋಮೇಕಿಯನ್ ಎಥಿಕ್ಸ್’ನ ಮಾತಿಗೆ ಇದಕ್ಕಿಂತ ನೇರವಾದ ಕಥಾರೂಪ ಈ ಪ್ರಕಾರದಲ್ಲಿ ಅಪರೂಪ. ಇಲ್ಲಿ ಯಾವ ರಹಸ್ಯವೂ ಹೊರಬಿದ್ದು ಹಳೆಯ ತಪ್ಪನ್ನು ಒರೆಸುವುದಿಲ್ಲ. ತಂಗಿಯ ವಿಷಯದಲ್ಲಿ ನಡೆದುಕೊಂಡದ್ದು ತಪ್ಪಾಗಿಯೇ ಉಳಿಯುತ್ತದೆ. ನೆಸ್ಟಾ ಅದನ್ನು ಹೊತ್ತುಕೊಂಡೇ ಬದಲಾಗುತ್ತಾಳೆ.

ಆದರೂ ಈ ಪುಸ್ತಕದ ಬಗ್ಗೆ ಓದುಗರು ಇಬ್ಭಾಗವಾದರು. ಬೆಟ್ಟದ ಮನೆಗೆ ನೆಸ್ಟಾ ತಾನಾಗಿ ಹೋಗಲಿಲ್ಲ. ಅಲ್ಲಿಗೆ ಹೋಗು, ಇಲ್ಲವೇ ಮನುಷ್ಯರ ನಾಡಿಗೆ ಮರಳು ಎಂದು ತಂಗಿ ಮತ್ತು ರೀಸ್ಯಾಂಡ್ ಕಟ್ಟುಪಾಡು ಮಾಡಿದರು. ಬಲವಂತದಿಂದ ಶುರುವಾದ ಬದಲಾವಣೆಯನ್ನು ನೈತಿಕ ಬೆಳವಣಿಗೆ ಎನ್ನಬಹುದೇ ಎಂಬ ಆಕ್ಷೇಪ ಸಹಜವಾದದ್ದು. ಅರಿಸ್ಟಾಟಲನಿಗೆ ಇದು ಅಷ್ಟು ದೊಡ್ಡ ತೊಡಕಾಗಿ ಕಾಣುತ್ತಿರಲಿಲ್ಲ. ಅವನ ಪ್ರಕಾರ ಒಳ್ಳೆಯ ಅಭ್ಯಾಸಗಳ ಮೊದಲ ಹೆಜ್ಜೆಗಳನ್ನು ಬೇರೆಯವರೇ ಹಾಕಿಸುತ್ತಾರೆ. ಆದರೆ ಅವನು ಮುಖ್ಯವಾಗಿ ನೆನೆದದ್ದು ಎಳೆಯರನ್ನು, ಬೆಳೆದ ಹೆಂಗಸನ್ನಲ್ಲ. ಮೆಟ್ಟಿಲಿಳಿಯುವುದನ್ನು ಮಾತ್ರ ನೆಸ್ಟಾಳಿಗೆ ಯಾರೂ ವಿಧಿಸಿರಲಿಲ್ಲ ಎಂಬುದು ಅವಳ ಪರವಾಗಿ ಹೇಳಬಹುದಾದ ಮಾತು.

ತಿದ್ದಿಕೊಂಡವರನ್ನು ಕ್ಷಮಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಯನ್ನು ಪಾಲಿ ಮಜ್ಝಿಮ ನಿಕಾಯದ ಅಂಗುಲಿಮಾಲನ ಕಥೆ ಖಚಿತವಾಗಿ ಎತ್ತುತ್ತದೆ. ಕೊಂದವರ ಬೆರಳುಗಳನ್ನು ಪೋಣಿಸಿ ಧರಿಸುತ್ತಿದ್ದ ಅವನು ಬುದ್ಧನ ಶಿಷ್ಯನಾದ. ಹಿಡಿಯಲು ಬಂದ ರಾಜ ಪ್ರಸೇನಜಿತ್ ಭಿಕ್ಷುವಾದ ಅವನನ್ನು ಹಿಡಿಯದೆ, ಬುದ್ಧನಿಗೆ ನಮಸ್ಕರಿಸಿ ಮರಳಿದ. ಅಂಗುಲಿಮಾಲ ಅರಹಂತನೂ ಆದ. ಅನಂತರ ಶ್ರಾವಸ್ತಿಯಲ್ಲಿ ಭಿಕ್ಷೆಗೆ ಹೋದಾಗ ಅವನ ಮೇಲೆ ಕಲ್ಲು, ಹೆಂಟೆ, ದೊಣ್ಣೆಗಳು ಬಿದ್ದವು. ತಲೆಯೊಡೆದು ರಕ್ತ ಸುರಿಯುತ್ತ, ಒಡೆದ ಪಾತ್ರೆ, ಹರಿದ ಚೀವರದೊಡನೆ ಅವನು ಬಂದಾಗ ಬುದ್ಧ ಹೇಳಿದ್ದು ಸಹಿಸಿಕೋ ಎಂದು, ಇದು ನಿನ್ನ ಕರ್ಮದ ಫಲ ಎಂದು. ಬದಲಾವಣೆ ಪೂರ್ತಿ ನಿಜವಾಗಿದ್ದರೂ ಹಿಂದಿನ ಲೆಕ್ಕ ಚುಕ್ತಾ ಆಗಿರಲಿಲ್ಲ.

ಓದುಗರು ನೊಂದವರೂ ಅಲ್ಲ, ರಾಜನೂ ಅಲ್ಲ. ಕ್ಷಮೆ ಅವರು ಕೊಡಬಲ್ಲ ವಸ್ತುವೇ ಅಲ್ಲ. ಅವರ ಬಳಿ ಇರುವುದು ನೆನಪು. ಹಿಂದಿನ ಪುಸ್ತಕದಲ್ಲಿ ನಡೆದುದನ್ನು ಮುಂದಿನ ಪುಸ್ತಕದ ಪಾತ್ರಗಳು ಮರೆತಂತಿದ್ದರೂ ಓದುಗರು ಮರೆಯುವುದಿಲ್ಲ. ಐದನೆಯ ಪುಸ್ತಕದಲ್ಲಿ ಆ ನೆನಪು ಕೆಲಸಕ್ಕೆ ಬಂತು. ಫೇರಾ ಬಸುರಿ; ರೆಕ್ಕೆಯಿರುವ ಕೂಸಿನ ಹೆರಿಗೆ ಅವಳ ಪ್ರಾಣಕ್ಕೇ ಎರವಾಗಬಹುದು. ಅದನ್ನು ಅವಳಿಗೆ ಹೇಳಕೂಡದೆಂದು ರೀಸ್ಯಾಂಡ್ ಎಲ್ಲರ ಬಾಯಿ ಕಟ್ಟುತ್ತಾನೆ. ಸಿಟ್ಟಿನ ಭರದಲ್ಲಿ ಅದನ್ನು ಹೊರಗೆಡಹುವವಳು ನೆಸ್ಟಾ; ರೀಸ್ಯಾಂಡ್‌ನ ಕೋಪಕ್ಕೆ ಗುರಿಯಾಗಿ ಊರು ಬಿಟ್ಟು ಬೆಟ್ಟಗುಡ್ಡ ಅಲೆಯಬೇಕಾಗುವವಳೂ ಅವಳೇ. ಕೊನೆಗೆ ತನ್ನ ಮಾಂತ್ರಿಕ ಶಕ್ತಿಯನ್ನು ತೆತ್ತು ತಾಯಿಮಗುವನ್ನು ಉಳಿಸುವವಳೂ ಅವಳೇ. ಮೊದಲ ಪುಸ್ತಕದಲ್ಲಿ ಫೇರಾಳ ಒಳಿತಿಗೆಂದು ಅವಳಿಗೆ ತಿಳಿಸದೆ ನಿರ್ಧಾರ ಮಾಡಿದ ರೀಸ್ಯಾಂಡ್ ಇಲ್ಲಿಯೂ ಅದನ್ನೇ ಮಾಡಿದ್ದಾನೆ. ಅವನ ಬಗ್ಗೆ ತಿಳಿದದ್ದು ಹೆಚ್ಚಾಗಿತ್ತು, ಅವನು ಬದಲಾಗಿರಲಿಲ್ಲ. ಕೂಡಿಹಾಕಿದನೆಂದು ಟ್ಯಾಮ್ಲಿನ್‌ನನ್ನು ತೊರೆದ ಫೇರಾ ಇವನನ್ನು ಬೇಗನೆ ಮನ್ನಿಸುತ್ತಾಳೆ. ಅದು ಅವಳ ಹಕ್ಕು. ಆ ಪುಟಗಳಲ್ಲಿ ಅನೇಕ ಓದುಗರು ಅವಳ ಜೊತೆಗೆ ಹೋಗಲಿಲ್ಲ.