ಜಠರದ ಗೋಡೆಯೂ ಭೇದದ ಪ್ರಶ್ನೆಯೂ

ಒಂದು ವಸ್ತುವನ್ನು ಕಂಡ ಕ್ಷಣದಲ್ಲೇ ಅದು ಮಿಕ್ಕವುಗಳಿಗಿಂತ ಬೇರೆ ಎಂಬುದೂ ಕಾಣುತ್ತದೆ, ಏಕೆಂದರೆ ಭೇದವೆಂಬುದು ವಸ್ತುವಿನ ಸ್ವರೂಪವೇ ಎನ್ನುತ್ತದೆ ದ್ವೈತ ವೇದಾಂತ. ಕುಂಭಾಶಿ ಬಳಿಯ ಹೂವಿನಕೆರೆಯಲ್ಲಿ ಹುಟ್ಟಿದ ದ್ವೈತ ಯತಿ ವಾದಿರಾಜರು ‘ಯುಕ್ತಿಮಲ್ಲಿಕಾ’ ಎಂಬ ಗ್ರಂಥದಲ್ಲಿ ಸಮರ್ಥಿಸಿದ್ದು ಈ ಮತವನ್ನೇ. ಈ ಮತದ ಪ್ರಕಾರ ಕಣ್ಣು, ಕಿವಿ, ಮನಸ್ಸು ತಪ್ಪಬಹುದು. ಅವು ತಂದ ಅರಿವನ್ನು ಒರೆಗೆ ಹಚ್ಚುವ ಸಾಕ್ಷಿ ಮಾತ್ರ ತಪ್ಪುವುದಿಲ್ಲ. ಸಾಕ್ಷಿ ಜೀವದ ಸ್ವರೂಪಕ್ಕೇ ಸೇರಿದ್ದು, ಕಲಿತು ಬಂದದ್ದಲ್ಲ.

ಕಲಿಯದೆ ಭೇದವನ್ನು ಗುರುತಿಸುವ ವ್ಯವಸ್ಥೆಯೊಂದು ದೇಹದಲ್ಲೂ ಇದೆ. ಅದು ಕೆಲಸ ಮಾಡುವ ಒಂದು ಜಾಗ ಜಠರ. ಬ್ರಹ್ಮಾವರ, ಕುಂದಾಪುರ, ಬೈಂದೂರು ಸೀಮೆಯ ಬ್ರಾಹ್ಮಣರ ಪಂಕ್ತಿಯಲ್ಲಿ ಪರಿಷೇಚನೆ ಮಾಡಿ, ಚಿತ್ರಾಹುತಿ ಇಟ್ಟು, ಪ್ರಾಣಾಹುತಿ ತೆಗೆದುಕೊಂಡ ಮೇಲೆಯೇ ಊಟ. ಹೊಟ್ಟೆಯೊಳಗಿನ ವೈಶ್ವಾನರನೆಂಬ ಅಗ್ನಿಗೆ ಅದು ಹೋಮ. ಆ ಜಠರದ ಆಮ್ಲದಲ್ಲಿ ಬಹುತೇಕ ಸೂಕ್ಷ್ಮಜೀವಿಗಳು ಸಾಯುತ್ತವೆ. ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಅದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿ ತನ್ನ ಸುತ್ತಲಿನ ಆಮ್ಲವನ್ನು ತಗ್ಗಿಸಿಕೊಂಡು, ಲೋಳೆಯೊಳಗೆ ಈಜಿ ಗೋಡೆಯ ಬಳಿ ನೆಲೆಸುತ್ತದೆ. ಇದನ್ನು 1982ರಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರ ನೊಬೆಲ್ ಸಂದಿತು.

ಇಂಥ ಅನ್ಯಜೀವಿಯನ್ನು ದೇಹ ಗುರುತಿಸುವುದು ಹೇಗೆ? ಅನೇಕ ರೋಗಾಣುಗಳಿಗೆ ಸಾಮಾನ್ಯವಾದ ಕೆಲವು ರಚನೆಗಳನ್ನು ಗುರುತಿಸುವ ಗ್ರಾಹಕಗಳು ಹುಟ್ಟಿನಿಂದಲೇ ಇರಬೇಕೆಂದು ರೋಗನಿರೋಧ ವಿಜ್ಞಾನಿ ಚಾರ್ಲ್ಸ್ ಜೇನ್‌ವೇ 1989ರಲ್ಲಿ ವಾದಿಸಿದರು. ಮುಂದೆ ಅವು ಸಿಕ್ಕವು. ಆದರೆ ಈ ಬ್ಯಾಕ್ಟೀರಿಯಾ ಅವುಗಳ ಕಣ್ಣು ತಪ್ಪಿಸುವುದರಲ್ಲಿ ಪಳಗಿದೆ. ಟಿಎಲ್‌ಆರ್-5 ಎಂಬ ಗ್ರಾಹಕ ಹಿಡಿಯಬೇಕಾದ ಬಾಲದ ಪ್ರೋಟೀನು ಇದರಲ್ಲಿ ಬದಲಾಗಿದೆ. ಟಿಎಲ್‌ಆರ್-4 ಹಿಡಿಯಬೇಕಾದ ಹೊರಕವಚದ ಕೊಬ್ಬೂ ಮಾರ್ಪಟ್ಟಿದೆ. ಸಿಕ್ಕಿಬೀಳುವುದು ಬೇರೆ ಕಡೆ. ಕೆಲವು ತಳಿಗಳು ಸೂಜಿಯಂಥ ಅಂಗದಿಂದ ಜಠರದ ಜೀವಕೋಶಕ್ಕೆ ತಮ್ಮ ದ್ರವ್ಯವನ್ನು ಚುಚ್ಚುವಾಗ ತಮ್ಮ ಕೋಶಭಿತ್ತಿಯ ಚೂರುಗಳೂ ಒಳಗೆ ಹೋಗುತ್ತವೆ. ಕೋಶದೊಳಗೆ ಕಾದಿರುವ ನಾಡ್-1 ಎಂಬ ಗ್ರಾಹಕ ಅವನ್ನು ಹಿಡಿಯುತ್ತದೆ. 2004ರಲ್ಲಿ ಇದು ಪ್ರಕಟವಾಯಿತು. ನಾಡ್-1ರ ಸೂಚನೆಯಿಂದ ಇಂಟರ್‌ಲ್ಯೂಕಿನ್-8 ಎಂಬ ಸಂಕೇತ ಪ್ರೋಟೀನು ಹೊರಟು ಬಿಳಿ ರಕ್ತಕಣಗಳನ್ನು ಕರೆಯುತ್ತದೆ. ರೋಗಾಣುನಾಶಕ ಡಿಫೆನ್ಸಿನ್‌ಗಳೂ ಸ್ರವಿಸುತ್ತವೆ.

ಈ ಗ್ರಾಹಕವನ್ನು ಸಾಕ್ಷಿಗೆ ಹೋಲಿಸುವ ಆಸೆ ಸಹಜ. ಆದರೆ ಹೋಲಿಕೆ ಬಹುದೂರ ಸಾಗದು. ಗ್ರಾಹಕ ಜಡ, ಸಾಕ್ಷಿ ಚೇತನ. ಗ್ರಾಹಕ ಮೋಸಹೋಗುತ್ತದೆ, ಸಾಕ್ಷಿ ಹೋಗದು. ಇನ್ನೂ ಮುಖ್ಯವಾದದ್ದು, ನಾಡ್-1 ಕೆರಳುವುದು ಆ ಚೂರು ಅನ್ಯವೆಂಬ ಕಾರಣಕ್ಕಷ್ಟೇ ಅಲ್ಲ, ಅದು ಇರಬಾರದ ಜಾಗದಲ್ಲಿ ಇದೆ ಎಂಬುದಕ್ಕೆ. ಅದೇ ಚೂರು ಲೋಳೆಯಲ್ಲಿ ತೇಲುತ್ತಿದ್ದರೆ ಅದರ ಗೊಡವೆ ಇಲ್ಲ. ಸ್ವರೂಪದಿಂದಲೇ ಭೇದ ಎನ್ನುವ ಮತಕ್ಕೆ ಇಲ್ಲಿ ದೇಹದ ಬೆಂಬಲ ಅರ್ಧ ಮಾತ್ರ.

ಈ ಎಚ್ಚರವೇ ವರ್ಷಗಟ್ಟಲೆ ಮುಂದುವರಿದರೆ ಉರಿಯೂತ ಗೋಡೆಯನ್ನು ಸವೆಸುತ್ತದೆ; ಸೋಂಕಿತರಲ್ಲಿ ಹೆಚ್ಚಿನವರಿಗೆ ತೊಂದರೆಯೇ ಕಾಣದು, ಕೆಲವರಿಗೆ ಹುಣ್ಣು, ಇನ್ನು ಕೆಲವರಿಗೆ ಕ್ಯಾನ್ಸರ್. ಆ ಹಾನಿಯ ಸ್ವತಂತ್ರ ಕರ್ತೃ ಯಾರು ಎಂದರೆ, ದ್ವೈತದ ಉತ್ತರ ಬ್ಯಾಕ್ಟೀರಿಯಾವೂ ಅಲ್ಲ, ಗ್ರಾಹಕವೂ ಅಲ್ಲ: ಒಂದು ಜೀವ, ಇನ್ನೊಂದು ಜಡ, ಎರಡೂ ಪರತಂತ್ರ, ಎಂದರೆ ದೇವರ ಅಧೀನ.