ಅಪಸ್ವರವನ್ನು ಅಳಿಸಬಹುದೇ?

ನಿಮ್ಮ ಮನೆಯ ಅಟ್ಟದ ಮೇಲೋ ಹಳೆಯ ಟ್ರಂಕಿನ ತಳದಲ್ಲೋ ಒಂದು ಕ್ಯಾಸೆಟ್ ಇಂದಿಗೂ ಉಳಿದಿರಬಹುದು. ಮದುವೆಯ ಮನೆಯ ಸೋಬಾನೆ, ಶಾಲಾ ವಾರ್ಷಿಕೋತ್ಸವದ ಹಾಡು, ಧರ್ಮಕೇಂದ್ರದ ಹಬ್ಬದ ಸಂಜೆ ನಡೆದ ಗಾಯನ, ಇಂಥದ್ದೇನೋ ಒಂದು ಅದರಲ್ಲಿ ಅಡಗಿರುತ್ತದೆ. ಅದನ್ನು ನುಡಿಸುವ ಯಂತ್ರ ಮನೆಯಲ್ಲಿ ಇಲ್ಲದಿದ್ದರೂ ಅದನ್ನು ಎಸೆಯಲು ನಮಗೆ ಕೈ ಬರುವುದಿಲ್ಲ. ಅದರಲ್ಲಿರುವ ದನಿಗಳ ಪೈಕಿ ಕೆಲವು ಈಗ ಭೂಮಿಯ ಮೇಲೆ ಇಲ್ಲವೆಂಬುದು ನಮಗೆ ಗೊತ್ತಿರುತ್ತದೆ. ಅಂತಹ ಒಂದು ಕ್ಯಾಸೆಟ್ಟಿನಿಂದ ಹುಟ್ಟಿದ ಪ್ರಶ್ನೆಯೊಂದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಪಾಂಡವಪುರಕ್ಕೂ ಕೃಷ್ಣರಾಜಪೇಟೆಗೂ ನಡುವಿನ ಒಂದು ಹಳ್ಳಿಯಲ್ಲಿ ನನಗೆ ಪರಿಚಯದ ಕುಟುಂಬವೊಂದಿದೆ. ಆ ಮನೆಯ ಹಿರಿಯರು ಆಲೆಮನೆ ನಡೆಸುತ್ತಿದ್ದರು. ಬೆಲ್ಲದ ಕೊಪ್ಪರಿಗೆಯ ಮುಂದೆ ನಿಂತೇ ಕಂದ ಪದ್ಯಗಳನ್ನು ಬಾಯಿಪಾಠ ಮಾಡುತ್ತಿದ್ದರೆಂದು ಅವರ ಮನೆಯವರು ಈಗಲೂ ಹೇಳುತ್ತಾರೆ. ಮಂಡ್ಯ ಸೀಮೆಯನ್ನು ಬಲ್ಲ ಯಾರಿಗೂ ಇದು ಅಚ್ಚರಿಯ ಮಾತಲ್ಲ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ 'ಕುರುಕ್ಷೇತ್ರ' ನಾಟಕವನ್ನು ಆಡಿಸದ ಊರನ್ನು ಹುಡುಕಬೇಕಾಗುತ್ತದೆ. 1930ರ ದಶಕದಲ್ಲಿ ಗುಬ್ಬಿ ವೀರಣ್ಣನವರ ಕಂಪನಿಯು ಆನೆ ಕುದುರೆಗಳನ್ನೇ ರಂಗದ ಮೇಲೆ ತಂದು 'ಕುರುಕ್ಷೇತ್ರ'ವನ್ನು ಪ್ರದರ್ಶಿಸಿತು. ಕಂಪನಿ ನಾಟಕಗಳ ವೈಭವ ಇಳಿದ ಮೇಲೂ ಆ ಮಟ್ಟುಗಳು ಹಳ್ಳಿಗಳಲ್ಲಿ ನಿಂತವು. ಇಲ್ಲಿ ಆಡುವವರು ಕಲಾವಿದರೆಂದು ಹೆಸರು ಪಡೆದವರಲ್ಲ. ಗದ್ದೆಯವರು, ಬಸ್ಸಿನ ಕಂಡಕ್ಟರು, ಶಾಲಾ ಮಾಸ್ತರು, ಹಾಲಿನ ಡೇರಿಯ ಕಾರ್ಯದರ್ಶಿ, ಇಂಥವರು. ಸಂಭಾವನೆ ಪಡೆಯುವುದಿರಲಿ, ಪಾತ್ರಕ್ಕೆ ಇಷ್ಟೆಂದು ತಾವೇ ಹಣ ಹಾಕಿ, ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡಿ, ತಿಂಗಳುಗಟ್ಟಲೆ ಅಭ್ಯಾಸ ನಡೆಸಿ, ಸೀನರಿಯನ್ನು ಬಾಡಿಗೆಗೆ ತರಿಸಿ, ಒಂದೇ ಒಂದು ರಾತ್ರಿ ಬೆಳಗಿನ ಜಾವದವರೆಗೆ ಆಡುತ್ತಾರೆ. ಎರಡನೆಯ ರಾತ್ರಿ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ.

ನಮ್ಮ ಆಲೆಮನೆಯ ಹಿರಿಯರು 1988ರ ಬೇಸಿಗೆಯಲ್ಲಿ ಕರ್ಣನ ಪಾತ್ರ ಹಾಕಿದರು. ಅವರ ತಮ್ಮ ಒಂದು ಟೇಪ್ ರೆಕಾರ್ಡರನ್ನು ರಂಗದ ಪಕ್ಕ ಇಟ್ಟು, ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಕರ್ಣನ ದೃಶ್ಯಗಳನ್ನು ಮಾತ್ರ ಮುದ್ರಿಸಿಕೊಂಡರು. ಮೊದಲ ಬದಿಯೆಲ್ಲ ಸೊಗಸಾಗಿದೆ. ಎರಡನೆಯ ಬದಿಯಲ್ಲಿ, ರಣರಂಗದ ದೃಶ್ಯದಲ್ಲಿ, ಹಾಡು ಮೇಲಿನ ಷಡ್ಜಕ್ಕೆ ಏರಬೇಕಾದ ಕಡೆ ದನಿ ಒಡೆಯಿತು. ಅದರ ಹಿಂದೆಯೇ ಪದವೂ ಮರೆತುಹೋಯಿತು. ಕ್ಯಾಸೆಟ್ಟಿನಲ್ಲಿ ಮೌನ ಕೇಳಿಸುತ್ತದೆ. ಆ ಮೌನದಲ್ಲಿ ಸಭೆಯಿಂದ ಯಾರೋ ಕೂಗುತ್ತಾರೆ: "ಪರಶುರಾಮನ ಶಾಪ ತಟ್ತು ಕಣ್ರಪ್ಪೋ!" ಕರ್ಣನಿಗೆ ಬೇಕಾದ ಗಳಿಗೆಯಲ್ಲೇ ಮಂತ್ರ ಮರೆತುಹೋಗಲಿ ಎಂದು ಗುರುವೇ ಶಪಿಸಿದ ಕಥೆ ನಮ್ಮ ಹಳ್ಳಿಗಳ ಎಳೆಯ ಮಕ್ಕಳಿಗೂ ಗೊತ್ತು. ಸಭೆ ಗೊಳ್ಳೆಂದು ನಗುತ್ತದೆ. ಅಷ್ಟರಲ್ಲಿ ಹಾರ್ಮೋನಿಯಂ ಮೇಷ್ಟ್ರು ಶ್ರುತಿಯನ್ನು ಹಿಡಿದು, ಮರೆತ ಸಾಲನ್ನು ತಾವೇ ಹಾಡಿ, ಕರ್ಣನನ್ನು ಮತ್ತೆ ದಾರಿಗೆ ತರುತ್ತಾರೆ. ಪದ್ಯ ಮುಗಿದಾಗ ಚಪ್ಪಾಳೆ, ಅದರ ಬೆನ್ನಿಗೆ 'ಒನ್ಸ್‌ಮೋರ್'. ಎಲ್ಲ ಸೇರಿ ಒಂದು ನಿಮಿಷಕ್ಕಿಂತ ಹೆಚ್ಚಿಲ್ಲ. ಆ ಒಂದು ನಿಮಿಷಕ್ಕಾಗಿ ಊರಿನವರು ಅವರನ್ನು ಸಾಯುವವರೆಗೆ 'ಶಾಪದ ಕರ್ಣ' ಎಂದೇ ಕರೆದರು. ಅವರು ಮತ್ತೆ ಎಂದೂ ಬಣ್ಣ ಹಚ್ಚಲಿಲ್ಲ.

ಹಿರಿಯರು ತೀರಿಕೊಂಡ ವರ್ಷದ ತಿಥಿಗೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮೊಮ್ಮಗ ಆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ ತಂದಿದ್ದ. ಊರಿನ ಜನ ಜಗಲಿಯ ತುಂಬ ಕುಳಿತಿದ್ದರು. ಹಾಡು ಕೇಳಿಬಂತು. ಏರಬೇಕಾದ ಕಡೆ ದನಿ ಏರಿತು, ಒಡೆಯಲಿಲ್ಲ. ಮೌನವಿಲ್ಲ, ಕೂಗಿಲ್ಲ, ನಗೆಯಿಲ್ಲ. ಸ್ವರವನ್ನು ಸರಿಪಡಿಸುವ ತಂತ್ರಾಂಶದಿಂದ ಹುಡುಗ ತಾತನ ದನಿಯನ್ನು ಎತ್ತಿ ನಿಲ್ಲಿಸಿದ್ದ. ಮರೆತ ಸಾಲಿಗೆ ಮೊದಲ ಬದಿಯ ಅದೇ ಮಟ್ಟಿನ ಪದ್ಯದಿಂದ ತುಣುಕು ತಂದು ಹೊಲಿದಿದ್ದ. ಹೊಲಿಗೆ ಎಲ್ಲಿದೆಯೆಂದು ನನಗೆ ಗೊತ್ತಾಗಲಿಲ್ಲ.

ನನಗೆ ಮೊದಲು ಹುಟ್ಟಿದ್ದು ಅಸಮಾಧಾನ. ಇದು ಸುಳ್ಳಲ್ಲವೇ ಎಂದು ಮನಸ್ಸು ಹೇಳಿತು. ಆ ಹುಡುಗನ ಅಭಿರುಚಿಯನ್ನು ಬಲ್ಲವನಾದ್ದರಿಂದ ಅಸಮಾಧಾನ ಇನ್ನಷ್ಟು ಹೆಚ್ಚಿತು. ಅವನು ಪಾಶ್ಚಾತ್ಯ ಸಂಗೀತದ, ಅದರಲ್ಲೂ 'ಪಂಕ್ ರಾಕ್' ಎಂಬ ಪ್ರಕಾರದ ಅಭಿಮಾನಿ. ವಾಚಕರಲ್ಲಿ ಹಿರಿಯರಿಗೆ ಇದು ಅಪರಿಚಿತವಿರಬಹುದು. 1970ರ ದಶಕದ ನಡುವೆ ನ್ಯೂಯಾರ್ಕ್ ಮತ್ತು ಲಂಡನ್ನಿನಲ್ಲಿ ತಲೆಯೆತ್ತಿದ ಈ ಸಂಗೀತದ ನಿಲುವು ಸರಳವಾಗಿತ್ತು: ಹಾಡಲು ವಿದ್ವಾಂಸನಾಗಬೇಕಿಲ್ಲ, ಮೂರು ಸ್ವರಮೇಳ ಗೊತ್ತಿದ್ದರೆ ರಂಗ ಹತ್ತಬಹುದು. ಅದರ ಮೊದಲ ತಂಡಗಳಲ್ಲೊಂದು 'ರಾಮೋನ್ಸ್'. ನಾಲ್ವರು ಹುಡುಗರು; ರಕ್ತಸಂಬಂಧಿಗಳಲ್ಲದಿದ್ದರೂ ಒಂದೇ ಉಪನಾಮ ಇಟ್ಟುಕೊಂಡಿದ್ದರು. 1977ರ ಡಿಸೆಂಬರ್ 31ರ ರಾತ್ರಿ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಅವರು ಹಾಡಿದ ಕಛೇರಿಯ ಮುದ್ರಣ 1979ರಲ್ಲಿ ಹೊರಬಂತು. ಒಂದು ಗಂಟೆಯೂ ತುಂಬದ ಹೊತ್ತಿನಲ್ಲಿ 28 ಹಾಡುಗಳು, ಒಂದರ ಬಾಲಕ್ಕೆ ಇನ್ನೊಂದು, ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲದೆ. ಸ್ಟುಡಿಯೋದಲ್ಲಿ ಮಾಡಿದ ಅದೇ ಹಾಡುಗಳಿಗಿಂತ ಇಲ್ಲಿ ವೇಗ ಹೆಚ್ಚು, ನಯ ಕಡಿಮೆ. ಹುಡುಗನ ಒತ್ತಾಯಕ್ಕೆ ನಾನೂ ಕೇಳಿದ್ದೇನೆ. ಇಷ್ಟವಾಯಿತೆಂದು ಹೇಳಲಾರೆ, ಆದರೆ ಆ ಗದ್ದಲದ ನಡುವೆ ಕುಳಿತಂತಾದದ್ದು ನಿಜ. ಆ ಮುದ್ರಿಕೆಯ ಹೆಸರು 'ಇಟ್ಸ್ ಅಲೈವ್', ಅಂದರೆ ಇದು ಜೀವಂತವಾಗಿದೆ ಎಂದು. ಅಂದು ಹಾಡಿದ ನಾಲ್ವರೂ 2001ರಿಂದ 2014ರ ನಡುವೆ ಒಬ್ಬೊಬ್ಬರಾಗಿ ತೀರಿಕೊಂಡರು.

"ಅವರ ಒರಟುತನವನ್ನು ಅಷ್ಟು ಪ್ರೀತಿಸುವ ನೀನು ತಾತನ ಒರಟನ್ನೇಕಪ್ಪ ಅಳಿಸಿದೆ?" ಎಂದು ಕೇಳಿದೆ. ಅವನು ತಡವರಿಸಲಿಲ್ಲ. "ಸಾರ್, ಅವರು ಆ ಪ್ರವಾಸದಲ್ಲಿ ನಾಲ್ಕು ಕಛೇರಿಗಳನ್ನು ಮುದ್ರಿಸಿಕೊಂಡು ಒಂದನ್ನು ಆರಿಸಿ ಹೊರತಂದರು. ಅವರ ಒರಟು ಅವರೇ ಒಪ್ಪಿ ಕೊಟ್ಟದ್ದು. ತಾತನಿಗೆ ಇದ್ದದ್ದು ಒಂದೇ ರಾತ್ರಿ. ಅವರನ್ನು ಯಾರು ಕೇಳಿದರು?"

ಈ ಉತ್ತರ ನನ್ನನ್ನು ಸುಮ್ಮನಾಗಿಸಿತು. ಅದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ನಾವು 'ಸತ್ಯವಾದ ದಾಖಲೆ' ಎಂದು ಗೌರವಿಸುವ ಎಷ್ಟೋ ಮುದ್ರಣಗಳು ಆಯ್ಕೆಯ ಜರಡಿಯಲ್ಲಿ ಇಳಿದು ಬಂದವು. ಕೆಲವು ಅದಕ್ಕೂ ಮೀರಿದವು. ಅದೇ ಕಾಲದ 'ಥಿನ್ ಲಿಜ್ಜಿ' ಎಂಬ ಐರ್ಲೆಂಡಿನ ತಂಡವು 1978ರಲ್ಲಿ ಹೊರತಂದ ಪ್ರಸಿದ್ಧ ಕಛೇರಿ ಮುದ್ರಿಕೆಯ ಬಹುಭಾಗವನ್ನು ಆಮೇಲೆ ಸ್ಟುಡಿಯೋದಲ್ಲಿ ಮತ್ತೆ ಮಾಡಲಾಯಿತೆಂದು ಅದರ ನಿರ್ಮಾಪಕ ಟೋನಿ ವಿಸ್ಕಾಂಟಿ ಹೇಳಿದರು. ತಂಡದವರು ಅದನ್ನು ಒಪ್ಪಲಿಲ್ಲ. ಹಣಕ್ಕಾಗಿ ಮಾರುವವರೇ ತಿದ್ದಬಹುದಾದರೆ, ಪ್ರೀತಿಯಿಂದ ಮೊಮ್ಮಗ ತಿದ್ದಬಾರದೇ? ಸತ್ತವರ ಕುರಿತು ಒಳ್ಳೆಯದನ್ನೇ ನುಡಿಯಬೇಕೆಂದು ನಾವೆಲ್ಲ ಮಕ್ಕಳಿಗೆ ಕಲಿಸುತ್ತೇವೆ. ಶವಸಂಸ್ಕಾರದ ದಿನ ಯಾರೂ ತೀರಿಕೊಂಡವರ ಸಾಲದ ಲೆಕ್ಕ ಓದುವುದಿಲ್ಲ.

ಅಜ್ಜಿಯ ಮಾತು ಇನ್ನೂ ಭಾರವಾಗಿತ್ತು. ನಾನು ಅವರ ಪಕ್ಕದಲ್ಲೇ ಕುಳಿತಿದ್ದೆ. ಹಾಡು ಕೇಳಿ ಕಣ್ಣೊರಸಿಕೊಂಡು ಅವರು ಹೇಳಿದರು: "ಆವತ್ತು ರಾತ್ರಿ ಮನೆಗೆ ಬಂದವ್ರು ಒಂದು ತುತ್ತು ಉಣ್ನಿಲ್ಲ ಕನಪ್ಪ. ಸಾಯೋಗಂಟ ಅದೊಂದು ಕೊರಗಿತ್ತು. ನಮ್ಮ ಮಗ ಇವತ್ತು ಅದ ತಗುದ್‌ಬುಟ್ಟ." ಯಾವ ಸತ್ಯದ ಹೆಸರಿನಲ್ಲಿ ನಾನು ಆ ತಾಯಿಗೆ ಎದುರು ಹೇಳಲಿ? ಒಬ್ಬ ಮನುಷ್ಯ ಬದುಕಿಡೀ ಅಳಿಸಿಹಾಕಲು ಬಯಸಿದ ಗಳಿಗೆಯನ್ನು, ಅವನಿಲ್ಲದ ಮೇಲೆ, ನಮ್ಮ ನಿಖರತೆಯ ಗೀಳಿಗಾಗಿ ಉಳಿಸಿಕೊಳ್ಳುವುದು ಒಂದು ಬಗೆಯ ಕ್ರೌರ್ಯವೇ. ಅದರಲ್ಲೂ ಇಂದು ಪ್ರತಿಯೊಬ್ಬರ ಕೈಯಲ್ಲಿ ಫೋನಿದೆ. ವೇದಿಕೆಯ ಮೇಲೆ ಎಡವಿದವನು ಕೆಳಗಿಳಿಯುವ ಮೊದಲೇ ಅವನ ಎಡವಟ್ಟು ಊರೂರು ತಲುಪಿರುತ್ತದೆ.

ಆದರೆ ಅಲ್ಲಿಗೆ ಮಾತು ಮುಗಿಯಲಿಲ್ಲ. ಆ ಜಗಲಿಯ ಮೂಲೆಯಲ್ಲಿ, ಎಂಬತ್ತು ದಾಟಿದ ಹಾರ್ಮೋನಿಯಂ ಮೇಷ್ಟ್ರು ಕುಳಿತಿದ್ದರು. ಜನ ಎದ್ದು ಊಟಕ್ಕೆ ಹೊರಟಾಗ ಅವರು ಹುಡುಗನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು: "ಎಲ್ಲಾ ಚೆನ್ನಾಗದೆ ಕಣಪ್ಪ. ನಾನೆಲ್ಲಿ?"

ನಾಟಕದ ಮೇಷ್ಟ್ರು ಹಾರ್ಮೋನಿಯಂ ನುಡಿಸುತ್ತಾರೆ, ಹಾಡುವುದು ಪಾತ್ರಧಾರಿಗಳು. ಆ ತೊಂಬತ್ತು ನಿಮಿಷಗಳಲ್ಲಿ ಮೇಷ್ಟ್ರ ಸ್ವಂತ ದನಿ ಕೇಳುತ್ತಿದ್ದುದು ಒಂದೇ ಕಡೆ, ಕರ್ಣ ಮರೆತ ಆ ಸಾಲಿನಲ್ಲಿ. ಎಷ್ಟೋ ಊರುಗಳಲ್ಲಿ ಎಷ್ಟೋ ಮಂದಿಗೆ ಹಾಡು ಕಲಿಸಿದ ಆ ಮನುಷ್ಯನ ದನಿ ಬೇರೆಲ್ಲಿಯೂ ಉಳಿದಿಲ್ಲವಂತೆ. ತಾತನ ತಪ್ಪನ್ನು ಕತ್ತರಿಸಿದ ಕತ್ತರಿ, ತಪ್ಪಿದವನ ಕೈ ಹಿಡಿದವನನ್ನೂ ಕತ್ತರಿಸಿಬಿಟ್ಟಿತ್ತು.

ವಾಚಕರೇ, ಇಲ್ಲಿ ನಿಂತು ಯೋಚಿಸೋಣ. ನಮ್ಮ ತಪ್ಪು ನಮ್ಮದೇ ಎಂದು ನಾವು ಭಾವಿಸುತ್ತೇವೆ. ಅದನ್ನು ಅಳಿಸುವ ಹಕ್ಕೂ ನಮ್ಮದೇ, ನಮ್ಮ ನಂತರ ನಮ್ಮ ಮಕ್ಕಳದು ಎಂದುಕೊಳ್ಳುತ್ತೇವೆ. ಆದರೆ ನಾವು ಎಡವಿದ ಪ್ರತಿಯೊಂದು ಜಾಗದಲ್ಲೂ ನಕ್ಕವರಿದ್ದಾರೆ, ಎತ್ತಿದವರಿದ್ದಾರೆ, ನೋಡಿಯೂ ನೋಡದಂತೆ ಮುಖ ತಿರುಗಿಸಿದ ಕರುಣಾಳುಗಳಿದ್ದಾರೆ. ಕ್ಷಮಿಸುವುದಕ್ಕೂ ಅಳಿಸುವುದಕ್ಕೂ ಇರುವ ಅಂತರ ನನಗೆ ಆ ದಿನ ಕಂಡಿತು. ಕ್ಷಮೆಗೆ ತಪ್ಪು ಇದ್ದಲ್ಲಿಯೇ ಇರಬೇಕಾಗುತ್ತದೆ. ಅದರ ಮೇಲೆ ಮತ್ತೊಬ್ಬರ ದನಿ ಬಂದು ಸೇರುತ್ತದೆ. ಅಳಿಸಿದ ಕಡೆ ಯಾರ ದನಿಯೂ ಉಳಿಯುವುದಿಲ್ಲ. ಕ್ಯಾಸೆಟ್ಟಿನಲ್ಲಿ ನಕ್ಕ ಸಭೆಯೇ ಒಂದು ನಿಮಿಷದೊಳಗೆ 'ಒನ್ಸ್‌ಮೋರ್' ಎಂದು ಕೂಗಿತ್ತು ಎಂಬುದನ್ನು ಕೊರಗಿನಲ್ಲಿ ಮುಳುಗಿದ ಹಿರಿಯರು ಕೇಳಿಸಿಕೊಂಡಿದ್ದರೋ ಇಲ್ಲವೋ. ಆ ರಾತ್ರಿಯ ನಂತರ ಅವರು ಕ್ಯಾಸೆಟ್ಟನ್ನು ಒಮ್ಮೆಯೂ ಹಾಕಿ ಕೇಳಲಿಲ್ಲವೆಂದು ಅಜ್ಜಿ ಹೇಳಿದರು.

ಈ ಸೀಮೆಗೂ ದನಿಯನ್ನು ಹಿಡಿದಿಡುವ ಆಸೆಗೂ ಹಳೆಯ ನಂಟಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಟಿಪ್ಪುವಿನ ಅರಮನೆಯಿಂದ ಒಂದು ಮರದ ಹುಲಿಯನ್ನು ಹೊತ್ತೊಯ್ದರು. ಅದು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಉಸಿರೂದಿ, ಹುಲಿಯ ಕೆಳಗೆ ಬಿದ್ದ ಐರೋಪ್ಯನ ನರಳಾಟ ಕೇಳಿಸುವಂತೆ ಅದನ್ನು ರಚಿಸಲಾಗಿತ್ತು. ಎಡಿಸನ್ 1877ರಲ್ಲಿ ಫೋನೋಗ್ರಾಫ್ ಮಾಡುವುದಕ್ಕೆ ಎಷ್ಟೋ ಮೊದಲಿನ ಮಾತಿದು. ಎಷ್ಟು ಬಾರಿ ತಿರುಗಿಸಿದರೂ ಆ ನರಳಾಟ ತಪ್ಪುವುದಿಲ್ಲ, ಒಡೆಯುವುದಿಲ್ಲ. ಅದರೊಳಗೆ ನರಳಿದವನೊಬ್ಬನೂ ಇರಲಿಲ್ಲವಷ್ಟೆ.

ಇದಕ್ಕೆ ಎದುರಾಗಿ ನಾಗಮಂಗಲ ತಾಲ್ಲೂಕಿನಿಂದ ಬಂದ ಎಚ್.ಎಲ್. ನಾಗೇಗೌಡರನ್ನು (1915–2005) ನೆನೆಯಬೇಕು. ಐ.ಎ.ಎಸ್. ಅಧಿಕಾರಿಯಾಗಿದ್ದ ಅವರು ಸೋಬಾನೆ ಚಿಕ್ಕಮ್ಮನಂಥ ಹಾಡುಗಾರ್ತಿಯ ಪದಗಳನ್ನು ಸಂಗ್ರಹಿಸಿ ಪ್ರಕಟಿಸಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ತೆರೆದರು. ಹಳ್ಳಿಯ ಕಲಾವಿದರನ್ನು ಧ್ವನಿಯಲ್ಲಿ, ಚಿತ್ರದಲ್ಲಿ ದಾಖಲಿಸುವ ದೊಡ್ಡ ಕೆಲಸ ಅಲ್ಲಿ ನಡೆಯಿತು. ಪದವನ್ನು ಪುಸ್ತಕದಲ್ಲಿ ಅಚ್ಚು ಮಾಡುವಾಗ ಹಾಡುಗಾರ್ತಿಯ ಕೆಮ್ಮು, ನಡುವೆ ಮಗುವನ್ನು ಗದರಿದ್ದು, ಜೊತೆಯವರು ಸೊಲ್ಲು ಎತ್ತಿದ್ದು ಬಿಟ್ಟುಹೋಗುತ್ತವೆ. ಮುದ್ರಿಸಿದ ಧ್ವನಿಯಲ್ಲಿ ಅವೆಲ್ಲ ಉಳಿಯುತ್ತವೆ. ವಿದ್ವಾಂಸನಿಗೆ ಅವು ಬೇಡವಿರಬಹುದು, ಆ ತಾಯಿಯ ಮನೆಯವರಿಗೆ ಬಹುಶಃ ಅವೇ ಬೇಕು.

ಹಾಗಾದರೆ ಮೊಮ್ಮಗ ಮಾಡಿದ್ದು ತಪ್ಪೇ? ಹಾಗೆಂದು ಬರೆಯಲು ನನಗೆ ಮನಸ್ಸು ಬರುತ್ತಿಲ್ಲ. ಅಜ್ಜಿಗೆ ಅವನು ಕೊಟ್ಟ ಸಮಾಧಾನ ನಕಲಿಯಲ್ಲ. ಅವನು ಊರಿನ ಮುಂದೆ 'ಇದು ತಿದ್ದಿದ್ದು' ಎಂದು ಹೇಳಿದ್ದರೆ ಸಾಕಿತ್ತು ಎನ್ನುವವರಿದ್ದಾರೆ. ಇರಬಹುದು, ಆದರೆ ಹಾಗೆ ಹೇಳಿದ್ದರೆ ಎಲ್ಲರಿಗೂ ಮೊದಲು ನೆನಪಾಗುತ್ತಿದ್ದುದು ಆ ಒಡೆದ ದನಿಯೇ. ನನ್ನ ತಕರಾರು ಇಷ್ಟೇ: ಅಳಿಸುವ ಮೊದಲು, ಆ ಜಾಗದಲ್ಲಿ ಇನ್ನು ಯಾರ್‍ಯಾರಿದ್ದಾರೆಂದು ಅವನು ಒಮ್ಮೆ ಕಿವಿಗೊಟ್ಟು ಕೇಳಬೇಕಿತ್ತು. ನಾನಾದರೂ ಕೇಳುತ್ತಿದ್ದೆನೇ? ಮೇಷ್ಟ್ರು ಹೇಳುವವರೆಗೆ ನನಗೂ ಹೊಳೆದಿರಲಿಲ್ಲ.

ಮೂಲ ಕ್ಯಾಸೆಟ್ಟನ್ನು ಹುಡುಗ ಎಸೆದಿರಲಿಲ್ಲ. ಊಟವಾದ ಮೇಲೆ ಕಾರಿನಿಂದ ಅದನ್ನು ತಂದು, ಅಜ್ಜಿ ಹಿತ್ತಲಲ್ಲಿ ಪಾತ್ರೆ ತೊಳೆಸುತ್ತಿದ್ದ ಹೊತ್ತಿನಲ್ಲಿ, ಪಕ್ಕದ ಮನೆಯಲ್ಲಿದ್ದ ಹಳೆಯ ಟೇಪ್ ರೆಕಾರ್ಡರಿಗೆ ಹಾಕಿದ. ಮೇಷ್ಟ್ರು ಕಿವಿಯನ್ನು ಅದಕ್ಕೆ ಒತ್ತಿಕೊಂಡು ಕುಳಿತರು. ದನಿ ಒಡೆಯಿತು, ಮೌನ, ಪರಶುರಾಮನ ಶಾಪ, ನಗೆ. ಆಮೇಲೆ ಅವರದೇ ದನಿ, ಹದಿಹರೆಯದವನಂತೆ ಗಟ್ಟಿಯಾಗಿ. ಅವರು ತಮ್ಮ ದನಿಯ ಬಗ್ಗೆ ಏನೂ ಹೇಳಲಿಲ್ಲ. "ಶ್ರುತಿ ನಾನೇ ಅರ್ಧ ಮನೆ ಮೇಲಕ್ಕೆ ಇಟ್ಬುಟ್ಟಿದ್ದೆ ಆವತ್ತು" ಎಂದರು. "ಅವ್ನ ತಪ್ಪಲ್ಲ ಅದು."

ಹುಡುಗ ನನ್ನ ಮುಖ ನೋಡಿದ. ಈ ಮಾತನ್ನು ಅಜ್ಜಿಗೆ ತಿಳಿಸಲೇ ಬೇಡವೇ ಎಂದು ನಾವಿಬ್ಬರೂ ಪಕ್ಕದ ಮನೆಯ ಹೊಸ್ತಿಲಲ್ಲಿ ಬಹಳ ಹೊತ್ತು ನಿಂತಿದ್ದೆವು.