ಒಳ್ಳೆಯ ಮನಸ್ಸೊಂದೇ ಸಾಕೆ?

ಮನಸ್ಸು ಒಳ್ಳೆಯದಿದ್ದರೆ ಸಾಕು, ಮಿಕ್ಕಿದ್ದನ್ನು ದೇವರು ನೋಡಿಕೊಳ್ಳುತ್ತಾನೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹೆಣ್ಣುಮಕ್ಕಳಾದ ನಾವಂತೂ ಈ ಮಾತನ್ನು ಸೆರಗಿಗೆ ಗಂಟುಹಾಕಿಕೊಂಡೇ ಬೆಳೆದವರು. ಹಸಿದವರಿಗೆ ಅನ್ನವಿಕ್ಕುವಾಗ, ಗುಬ್ಬಿಗೆ ಕಾಳು ಚೆಲ್ಲುವಾಗ ಅಷ್ಟು ಸಾಕಿರಬಹುದು. ಎಲ್ಲ ಕಡೆಯೂ ಸಾಕೆ? ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ನಮ್ಮ ಕಾವೇರಿಯ ಒಂದು ಮೀನಿನ ಕಥೆಯನ್ನು ಓದಿದ ಮೇಲೆ.

ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ನಮ್ಮ ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ, ಭೀಮೇಶ್ವರಿಗಳ ಕಾಡಿನೊಳಗೆ ಬಂಡೆಗಳ ನಡುವೆ ಹರಿಯುತ್ತಾಳೆ. ಅಲ್ಲಿಯ ಮಡುಗಳ ಮಹಶೀರ್ ಮೀನಿಗೆ ಜನ ಬಿಳಿಮೀನು ಎನ್ನುತ್ತಾರೆ. ಅದರಲ್ಲೊಂದು ಜಾತಿಗೆ ತಲೆಯ ಹಿಂದೆ ಬೆನ್ನು ಡುಬ್ಬದಂತೆ ಎದ್ದಿರುತ್ತದೆ, ರೆಕ್ಕೆಗಳಿಗೆ ಕಿತ್ತಳೆ ಬಣ್ಣ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು ಕಬಿನಿಯಲ್ಲಿ ಗಾಳಹಾಕಿ ಹಿಡಿದದ್ದು 120 ಪೌಂಡ್ ಇತ್ತು. ಎಂದರೆ 54 ಕಿಲೋ, ನಮ್ಮ ಎಂಟನೇ ತರಗತಿಯ ಹುಡುಗಿಯರಿಗಿಂತ ಭಾರ! ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಈ ಮೀನಿಲ್ಲ.

ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಮರಳು ಬಗೆಯುವುದು, ಅಣೆಕಟ್ಟುಗಳು, ಇವೆಲ್ಲ ಅದಕ್ಕೆ ಕುತ್ತು ತಂದವು. ಇವು ಯಾರಿಗಾದರೂ ಅರ್ಥವಾಗುವಂಥವು. ನಾನು ಹೇಳಹೊರಟದ್ದು ಬೇರೆ. ಮಹಶೀರ್ ಕಡಿಮೆಯಾಗುತ್ತಿದೆ ಎಂದು ಮರುಗಿದವರು, 1970ರ ದಶಕದಿಂದೀಚೆಗೆ, ಮಹಾರಾಷ್ಟ್ರದ ಲೋನಾವಳದಲ್ಲಿ ಸಾಕಿದ ಮಹಶೀರ್ ಮರಿಗಳನ್ನು ತರಿಸಿ ಕಾವೇರಿಗೆ ಬಿಟ್ಟರು. ಅವು ನೀಲಿ ರೆಕ್ಕೆಯ, ಕೃಷ್ಣಾ ಕಣಿವೆಯ ಜಾತಿ. ಬಿಟ್ಟವರ ಮನಸ್ಸಿನಲ್ಲಿ ಕೆಡುಕು ಎಳ್ಳಷ್ಟೂ ಇರಲಿಲ್ಲ. ಮರಿಗಳು ಸೊಗಸಾಗಿ ಬೆಳೆದವು, ಹೆಚ್ಚಿದವು. ಮಹಶೀರ್ ಉಳಿಯಿತೆಂದು ಜನ ಸಮಾಧಾನಪಟ್ಟರು.

ಉಳಿದದ್ದು ಯಾವುದು ಎಂದು ಕೇಳಿದವರು ಸಂಶೋಧಕರು. ಕಾವೇರಿ ದಡದ ಗಾಳಿಬೋರೆ ಶಿಬಿರದಲ್ಲಿ ಹವ್ಯಾಸಕ್ಕೆ ಗಾಳಹಾಕುವವರು ಹಿಡಿದ ಮೀನನ್ನು ತೂಗಿ, ಬರೆದಿಟ್ಟುಕೊಂಡು, ಮತ್ತೆ ನೀರಿಗೇ ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ದಾಖಲೆಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದವರು ಲೆಕ್ಕಹಾಕಿ 2015ರಲ್ಲಿ ಪ್ರಕಟಿಸಿದರು. ನೀಲಿ ರೆಕ್ಕೆಯ ಮೀನು ಏರುತ್ತಾ ಹೋಗಿತ್ತು, ಡುಬ್ಬದ ಮೀನು ಇಳಿಯುತ್ತಾ ಬಂದಿತ್ತು. ಅಪರೂಪಕ್ಕೆ ಸಿಕ್ಕವೂ ದೊಡ್ಡ ಮೀನುಗಳೇ, ಮರಿಗಳಿಲ್ಲ. ಮುದುಕರಷ್ಟೇ ಉಳಿದ ಊರಿನ ಹಾಗೆ! ಹೊರಗಿನ ಮೀನನ್ನು ತಂದು ಬಿಟ್ಟದ್ದೂ ಇದಕ್ಕೆ ದೊಡ್ಡ ಕಾರಣವೆಂದು ಅವರು ವಾದಿಸಿದರು. ಆಗಿನ್ನೂ ಈ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರೂ ಇರಲಿಲ್ಲ. ಕೇರಳದ ಪಾಂಬಾರ್ ನದಿಯಲ್ಲಿ ಗುರುತಿಸಿದ್ದ 'ಟಾರ್ ರೆಮಾದೇವಿ' ಎಂಬ ಜಾತಿಯೇ ಇದು ಎಂದು 2018ರಲ್ಲಿ ಸ್ಥಿರಪಟ್ಟಿತು. ಆಮೇಲೆ ಅದು ಅಳಿವಿನ ಕಟ್ಟಕಡೆಯ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಆ ಹೆಸರು ಕೆ. ರೆಮಾ ದೇವಿ ಎಂಬ ಮತ್ಸ್ಯವಿಜ್ಞಾನಿಯ ಗೌರವಾರ್ಥ ಇಟ್ಟದ್ದು. ಒಬ್ಬ ಹೆಣ್ಣುಮಗಳ ಹೆಸರು ಹೊತ್ತ ಮೀನು ನಮ್ಮ ತಾಲ್ಲೂಕಿನ ಹೊಳೆಯದು ಎಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಶಾಲೆಯಲ್ಲಿ ಇದನ್ನು ನಾವು ಬಲ್ಲೆವು. ಹಾಜರಿ ಪುಸ್ತಕದಲ್ಲಿ ನಲವತ್ತು ಮಕ್ಕಳು. ಒಬ್ಬಳು ಶಾಲೆ ಬಿಡುತ್ತಾಳೆ, ಇನ್ನೊಬ್ಬಳು ಸೇರುತ್ತಾಳೆ. ಒಟ್ಟು ಹಾಗೇ ನಲವತ್ತು. ಒಟ್ಟನ್ನಷ್ಟೇ ನೋಡುವವರಿಗೆ ಬಿಟ್ಟುಹೋದ ಹುಡುಗಿ ಕಾಣುವುದೇ ಇಲ್ಲ.

"ಮೀನು ಮೀನೇ ತಾನೆ? ಶೃಂಗೇರಿಯಲ್ಲಿ ರಾಶಿರಾಶಿ ಇವೆಯಲ್ಲ ಟೀಚರ್" ಎಂದು ಗೆಳತಿಯೊಬ್ಬರು ಕೇಳಿದರು. ನಿಜ, ಅಲ್ಲಿ ನಾವೆಲ್ಲ ಮಂಡಕ್ಕಿ ಹಾಕಿ ಕೈಮುಗಿದು ಬಂದವರೇ. ಆದರೆ ತುಂಗೆ ಸೇರುವುದು ಕೃಷ್ಣೆಯನ್ನು. ಅಲ್ಲಿ ನೂರು ಮೀನು ಸುಖವಾಗಿದ್ದರೂ ಕಾವೇರಿಯ ಈ ಒಂದು ಜಾತಿಗೆ ಬದಲಾಗಲಾರವು. ಬೇರೆಲ್ಲೂ ಇಲ್ಲದ್ದನ್ನು ಕಾಯುವ ಭಾರ ಬೇರೆ ಯಾರ ಮೇಲೂ ಬೀಳುವುದಿಲ್ಲ, ಅದು ನಮ್ಮದೇ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳನ್ನು ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರಿಗೆ ಊರೇ ಕಾಯುತ್ತದೆ. ಹಕ್ಕಿ ಹಿತ್ತಿಲ ಹುಣಸೆ ಮರದಲ್ಲೇ ಕೂತಿರುತ್ತದೆ, ಮರಿ ಬಿದ್ದರೆ ಕಣ್ಣಿಗೆ ಬೀಳುತ್ತದೆ. ನೀರಿನಡಿಯ ಜೀವಕ್ಕೆ ಆ ಭಾಗ್ಯವಿಲ್ಲ. ಕಾಣದ್ದರ ಮೇಲೆ ದಯೆ ತೋರಬೇಕಾದರೆ ಮೊದಲು ಅದನ್ನು ತಿಳಿಯುವ ಕಷ್ಟ ಪಡಬೇಕು.

ಎಲ್ಲವನ್ನೂ ತಿಳಿದ ಮೇಲೇ ಒಳ್ಳೆಯದು ಮಾಡಬೇಕೆಂದರೆ ಯಾರೂ ಏನೂ ಮಾಡಲಾರರು, ಒಪ್ಪುತ್ತೇನೆ. ಆದರೆ ಸಕ್ಕರೆ ಕಾಯಿಲೆಯ ಅತ್ತೆಗೆ ಪ್ರೀತಿಯಿಂದ ಹೋಳಿಗೆ ಬಡಿಸುವ ಮುನ್ನ ಪಥ್ಯವೇನೆಂದು ಕೇಳುವುದಿಲ್ಲವೇ? ಹಾಗೆ ಕೇಳುವುದರಿಂದ ಪ್ರೀತಿಯೇನೂ ಕಡಿಮೆಯಾಗುವುದಿಲ್ಲ. ಕೇಳುವುದೂ ಪ್ರೀತಿಯ ಕೆಲಸವೇ ಎಂದು ನನಗೆ ಅನ್ನಿಸುತ್ತದೆ.

ನಿಮ್ಮೂರಿನ ಹೊಳೆಗೋ ಕೆರೆಗೋ ಮೀನುಮರಿ ಬಿಡುವ ಸಮಾರಂಭವಾದರೆ, ಹಾರ ತುರಾಯಿ ಮುಗಿಯುವ ಮೊದಲು ಯಾರಾದರೂ ಎದ್ದು ನಿಂತು ಕೇಳಿ: ಈ ಮರಿಗಳು ಯಾವ ನದಿಯವು? ಇಲ್ಲಿ ಮೊದಲಿಂದ ಇರುವ ಮೀನು ಯಾವುದು? ಉತ್ತರ ಗೊತ್ತಿಲ್ಲದಿದ್ದರೆ ತಿಳಿಯುವವರೆಗೂ ಮರಿಗಳು ತೊಟ್ಟಿಯಲ್ಲೇ ಇರಲಿ.